ನಾಯಿ ಕಟ್ಟಿದ ಸೈಕಲ್ಲು

ಕಷ್ಟಪಟ್ಟು ದುಡಿಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆ ಕಷ್ಟವನ್ನು ಪಕ್ಕದವರ ಕೊರಳಿಗೆ ಕಟ್ಟುವ ಉಪಾಯ ಹುಡುಕುವ ನನ್ನಂಥವರು ಕಡಿಮೆ. ಹಾಗಂತ ನಾನು ನಂಬಿದ್ದೇನೆ, ಮನೆಯಲ್ಲಿ ಯಾರೂ ನಂಬಿಲ್ಲ. ನಮ್ಮ ಕರಿಯ ತೊಣ್ಣೂರು ಕೆರೆ ಏರಿಯ ಮೇಲೆ ನನ್ನ ಹಿಂದೆ ಬಂದ ನಾಯಿಮರಿ. ಈಗ ಕರುವಿನಷ್ಟು ಬೆಳೆದು, ಹೊತ್ತುಹೊತ್ತಿಗೆ ಮುದ್ದೆ ನುಂಗಿ, ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತಾನೆ. ಒಂದು ದಿನ ನನ್ನ ಹೆಂಡತಿ ಸಾವಿತ್ರಿ ತೀರ್ಪು ಕೊಟ್ಟಳು: "ಈ ಮನೇಲಿ ಕೂತ್ಕೊಂಡು ತಿನ್ನೋರು ಒಬ್ರು ಸಾಕು. ಭಾನ್ವಾರ ನಮ್ಮಣ್ಣ ಬತ್ತಾನೆ, ಇದ್ನ ಅಕ್ಕಿಹೆಬ್ಬಾಳಿಗೆ ಕಳಿಸ್ಬುಡ್ತೀನಿ." ಆ ಒಬ್ಬರು ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕರಿಯನನ್ನು ಬಿಟ್ಟಿರುವುದು ನನ್ನಿಂದಾಗದ ಮಾತು. ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೂ ಕೇಳುವವನು ಅವನೊಬ್ಬನೇ. ಆದ್ದರಿಂದ ಅವನಿಗೊಂದು ನೌಕರಿ ಕೊಡಿಸಲು ಹೊರಟೆ. ಹೊಟ್ಟೆ ಕರಗಲಿ ಎಂದು ಡಾಕ್ಟರು ನನಗೆ ಸೈಕಲ್ ತುಳಿಯಲು ಹೇಳಿದ್ದರು. ಮೇಲೆ ನಾನು ತುಳಿಯುವುದು, ಮುಂದೆ ಕರಿಯ ಎಳೆಯುವುದು. ನನ್ನ ಸೊಂಟಕ್ಕೆ ಈಗ ಸಾಲದಾಗಿದ್ದ ಬೆಲ್ಟು ಅವನ ಎದೆಗೆ ಸರಿಹೋಯಿತು. ಪಾಂಡವಪುರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ತಮ್ಮಣ್ಣ, ಬೆಲ್ಟು ಸಿಕ್ಕಿಸುವ ಪೈಪನ್ನು ಹ್ಯಾಂಡಲ್ಲಿಗೆ ಹಿಡಿದು ಕೇಳಿದ: "ಬ್ರೇಕ್ ಯಾರ್ಗಾಕನ್ಲಾ, ನಿಂಗೋ ನಾಯ್ಗೋ?" ಹೊರಡುವುದೇ ಅನುಮಾನವಿದ್ದ ಗಾಡಿಯನ್ನು ನಿಲ್ಲಿಸುವ ಚಿಂತೆ ನಾನು ಮಾಡಿರಲಿಲ್ಲ.

ಭಾನುವಾರ ಸಾವಿತ್ರಿಯ ಅಣ್ಣ ಲಗೇಜ್ ಆಟೋ ತಂದು ಮನೆ ಮುಂದೆ ನಿಲ್ಲಿಸಿದ. ನಾನು ಅವನೆದುರೇ ಸೈಕಲ್ ಹತ್ತಿದೆ. ಕರಿಯ ಕೂತ. ಬೈದೆ, ಬೇಡಿಕೊಂಡೆ; ಮಲಗಿದ. "ಭಾವ, ಇದು ಗಾಡಿಯೋ, ನಾಯಿ ಕಟ್ಟಾಕೋ ಗೂಟವೋ?" ಎಂದ ಮಹಾಶಯ. ಸಾವಿತ್ರಿ ಹಣೆ ಚಚ್ಚಿಕೊಂಡು, ಹಾಲಿನ ಕ್ಯಾನು ಮುಂದಿಟ್ಟುಕೊಂಡು, ಡೈರಿಗೆಂದು ಸ್ಕೂಟರ್ ಹೊರಡಿಸಿದಳು.

ಕರಿಯನ ಕಿವಿ ನೆಟ್ಟಗಾಯಿತು. ಮುಂದಿನದು ನನ್ನ ಕೈಯಲ್ಲಿರಲಿಲ್ಲ, ಕಾಲಲ್ಲೂ ಇರಲಿಲ್ಲ. ಪೆಡಲು ತಾನೇ ತಿರುಗುತ್ತಿತ್ತು. ಕಬ್ಬಿನ ಟ್ರಾಕ್ಟರನ್ನು ಹಿಂದೆ ಹಾಕಿ ಸ್ಕೂಟರಿನ ಬೆನ್ನು ಹಿಡಿದೆವು. ಡೈರಿ ಮುಂದೆ ಸಾವಿತ್ರಿ ನಿಂತಳು, ಕರಿಯ ನಿಂತ, ನಾನೊಬ್ಬ ನಿಲ್ಲಲಿಲ್ಲ. ಹಾಲು ಹಾಕಲು ನಿಂತವರ ಕಾಲಬುಡಕ್ಕೆ ಹೋಗಿ ಬಿದ್ದೆ.

ಸಾವಿತ್ರಿ ಓಡಿಬಂದು ತಬ್ಬಿಕೊಂಡಳು, ಕರಿಯನನ್ನು. "ನನ್ನ ಬುಟ್ಟು ಇರಾಕಾಗಕಿಲ್ವಾ ಮಗ?" ಎಂದವಳು, ಆಟೋದಲ್ಲಿ ಹಿಂದೆಯೇ ಬಂದ ಅಣ್ಣನಿಗೆ ಹೇಳಿದಳು: "ಇದು ಇಲ್ಲೇ ಇರ್ಲಿ ಕಣಣ್ಣ, ದುಡಿಯೋ ಜೀವ." ಮೊಣಕೈ ತರಚಿದ್ದರೂ ನನಗೆ ಹೇಳಲಾರದಷ್ಟು ಸಂತೋಷವಾಯಿತು.

"ಅಂಗಾದ್ರೆ ನಾನು ಖಾಲಿ ಗಾಡೀಲಿ ಓಗ್ಬೇಕಾ?" ಎಂದ ಅವಳಣ್ಣ.

ಸಾವಿತ್ರಿ ನೆಲದ ಮೇಲಿದ್ದ ನನ್ನನ್ನು ನೋಡಿದಳು. ಕೊನೆಗೆ ಹೂಂ ಅಂದಳು, ನಿಜ. ಆದರೆ ಅದಕ್ಕೆ ಅವಳು ಅಷ್ಟು ಹೊತ್ತು ಯೋಚಿಸಬಾರದಿತ್ತು.