ದಾನಿಗಳು: ಶ್ರೀಮನ್ಮಹಾರಾಜರು ಮತ್ತು ಕುಟುಂಬದವರು

ಬಹಳ ಹಿಂದೆ, ಅಂದರೆ ‘ಇದು ನಮ್ಮೂರಿನ ಕಥೆಯಲ್ಲವಷ್ಟೆ?’ ಎಂದು ಓದುಗರು ನನ್ನ ಮೇಲೆ ಗುಮಾನಿ ಪಡಲಾರದಷ್ಟು ಹಿಂದೆ, ಫಲಕಾವತಿ ಎಂಬ ಒಂದು ರಾಜ್ಯವಿತ್ತು. ಅದನ್ನು ಉದಾರಸೇನ ಮಹಾರಾಜರು ಆಳುತ್ತಿದ್ದರು. ಪ್ರಜೆಗಳೆಲ್ಲ ಕೊಡುಗೈ ದಾನಿಗಳು. ಇದ್ದದ್ದು ಒಂದೇ ಷರತ್ತು: ಕೊಟ್ಟದ್ದರ ಮೇಲೆ ಕೊಟ್ಟವರ ಹೆಸರಿರಬೇಕು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು, ಮನೆತನ, ಮಕ್ಕಳ ಡಿಗ್ರಿ, ಅಳಿಯನ ಹುದ್ದೆ ಎಲ್ಲ ಬರೆದ ಮೇಲೆ ಬೆಳಕು ಹೊರಬರಲು ಎರಡು ಬೆರಳಿನಷ್ಟು ಜಾಗ ಉಳಿದರೆ ಅದು ಅರ್ಚಕರ ಪುಣ್ಯ. ಫ್ಯಾನಿನ ಮೂರು ರೆಕ್ಕೆಗೆ ಮೂವರು ದಾನಿಗಳಿದ್ದರೆ, ಹೆಸರು ಓದಲಾಗುವುದಿಲ್ಲವೆಂದು ಫ್ಯಾನನ್ನು ತಿರುಗಿಸುತ್ತಲೇ ಇರಲಿಲ್ಲ. ಭಕ್ತರು ಬೆವರುತ್ತ ಓದುತ್ತಿದ್ದರು.

ಈ ಹೆಸರುಗಳನ್ನೆಲ್ಲ ಬರೆಯುತ್ತಿದ್ದವನು ಪೇಂಟರ್ ಭರಮಪ್ಪ. ಊರೆಲ್ಲರ ಹೆಸರು ಬರೆದವನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಬೋರ್ಡಿನ ಮೂಲೆಯಲ್ಲಿ ಪೇಂಟರುಗಳು ಹಾಕುವ ಚಿಕ್ಕ ರುಜುವನ್ನೂ ಅವನು ಹಾಕುತ್ತಿರಲಿಲ್ಲ. ಅವನಿಗೂ ಹೆಂಡತಿ ತಿಪ್ಪಕ್ಕನಿಗೂ ಮದುವೆಯಾಗಿ ಒಂಬತ್ತು ವರ್ಷಕ್ಕೆ ಒಬ್ಬಳು ಮಗಳು, ಸಿರಿ, ಹುಟ್ಟಿದ್ದಳು. ಆ ಒಂಬತ್ತು ವರ್ಷ ಅವರು ಹರಕೆಯ ತೊಟ್ಟಿಲು ಕಟ್ಟದ ಮರ ರಾಜ್ಯದಲ್ಲಿರಲಿಲ್ಲ. ಈಗ ಅವಳಿಗೆ ಏಳು ವರ್ಷ, ಅಪ್ಪ ಬರೆದದ್ದನ್ನೆಲ್ಲ ಜೋರಾಗಿ ಓದುವುದು ಅವಳ ಕಸುಬು.

ಹೀಗಿರಲಾಗಿ, ವೈದ್ಯೆ ಸರ್ವಮಂಗಳೆ ತಮ್ಮ ಸಂತಾನ ನೆರವು ಕೇಂದ್ರಕ್ಕೆ ಬೋರ್ಡು ಬರೆಯಲು ಭರಮಪ್ಪನನ್ನು ಕರೆಸಿದರು. ‘ಮಕ್ಕಳಿಲ್ಲದ ದಂಪತಿಗಳಿಗಾಗಿ ಅಂಡಾಣು ಮತ್ತು ವೀರ್ಯ ದಾನಿಗಳು ಬೇಕಾಗಿದ್ದಾರೆ. ದಾನಿಗಳ ಹೆಸರು ಗುಪ್ತ.’ ಕೊನೆಯ ಸಾಲಿಗೆ ಬಂದಾಗ ಭರಮಪ್ಪನ ಕುಂಚ ನಿಂತಿತು.

“ಅಮ್ಮಾರೇ, ಇಲ್ಲೇನೋ ತಪ್ಪು ಬಂದೈತೆ. ಹೆಸರು ಗುಪ್ತ ಅಂದ್ರೆ ಈ ರಾಜ್ಯದಾಗೆ ಯಾರು ಬರ್ತಾರೆ?”

“ಯಾರೂ ಬಂದಿಲ್ಲಪ್ಪ. ಇದು ಎರಡನೇ ಬೋರ್ಡು. ಮೊದಲನೇದು ಬಿಸಿಲಿಗೆ ಮಾಸಿಹೋಯ್ತು.”

ಜಗಲಿಯ ಬೆಂಚಿನ ಮೇಲೆ ಐದಾರು ಜೋಡಿಗಳು ಕೂತಿದ್ದವು. ಹಾಗೆ ಕಾಯುವುದು ಎಂಥದೆಂದು ಭರಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಬಣ್ಣದ ಡಬ್ಬಿ ಮುಚ್ಚಿ, ನಾಚಿಕೊಂಡು, “ಹೆಸರು ಬ್ಯಾಡ ಅನ್ನೋದಾದ್ರೆ, ನಂದು ನಡೀತದಾ?” ಎಂದು ಕೇಳಿದ.

ವೈದ್ಯೆ ಅವನ ತಂದೆಯ ಸಕ್ಕರೆ ಕಾಯಿಲೆ, ತಾಯಿಯ ಉಬ್ಬಸ, ಅಜ್ಜನ ಹೃದಯ ಎಲ್ಲ ವಿಚಾರಿಸಿದರು. ಮಗುವಿನ ಮೇಲೆ ಅವನಿಗೆ ಯಾವ ಹಕ್ಕೂ ಇರುವುದಿಲ್ಲ, ಅದನ್ನು ಹುಡುಕಿಕೊಂಡು ಹೋಗುವಂತಿಲ್ಲ ಎಂದು ಬಿಡಿಸಿ ಹೇಳಿದರು. “ಒಂದು ತಿಂಗಳು ಯೋಚನೆ ಮಾಡಿ. ಹೆಂಡತಿ ಹತ್ರ ಮಾತಾಡಿ. ಬೇಡ ಅನ್ನಿಸಿದ್ರೆ ಬರಬೇಡಿ, ನಾನೇನೂ ಅಂದ್ಕೊಳಲ್ಲ.”

ತಿಪ್ಪಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ಗಂಡನ ಮಾತು ಪೂರ್ತಿ ಕೇಳಿ, “ನಾಳೆ ಸಂತ್ಯಾಗೆ ನಿನ್ನ ಮೂಗಿಟ್ಕಂಡಿರೋ ಕೂಸು ಎದುರಿಗೆ ಬಂದ್ರೆ?” ಎಂದಳು.

“ಅತ್ಲಾಗೆ ತಿರುಗ್ತೀನಿ.”

“ತಿರುಗೋ ಮನುಷ್ಯನಾ ನೀನು? ಸಿರಿಗೆ ನೆಗಡಿ ಆದ್ರೆ ಮೂರು ದಿನ ಕುಂಚ ಮುಟ್ಟಲ್ಲ.”

ಅಲ್ಲಿಗೆ ಭರಮಪ್ಪನ ನೆಮ್ಮದಿ ಹಾಳಾಯಿತು. ಬರೆದು ಕೊಟ್ಟ ಬೋರ್ಡು ಅಂಗಡಿಯವನದೇ ಹೊರತು ತನ್ನದಲ್ಲ ಎಂದು ಒಂದು ದಿನ ಸಮಾಧಾನವಾಗುತ್ತಿತ್ತು. ಮರುದಿನ, ಬೋರ್ಡಿಗೆ ನೆಗಡಿಯಾಗುವುದಿಲ್ಲವಲ್ಲ ಎನ್ನಿಸುತ್ತಿತ್ತು. ಸಿರಿಗೆ ಹೇಳಬೇಕೆ, ಹೇಳಿದರೆ ಯಾವ ವಯಸ್ಸಿಗೆ? ಇಪ್ಪತ್ತೆಂಟನೆಯ ದಿನ ತಿಪ್ಪಕ್ಕನೇ ಬಾಯಿಬಿಟ್ಟಳು. “ಅಂಥಾ ಬೆಂಚಿನ ಮ್ಯಾಲೆ ನಾನೂ ಕುಂತಿದ್ನಲ್ಲ. ಹೋಗಿ ಕೊಟ್ಟು ಬಾ. ಆದ್ರೆ ಎಲ್ಲಾದ್ರೂ ಆ ಮೂಗು ಕಂಡ್ರೆ ನಂಗೊಬ್ಳಿಗೆ ಬಂದು ಹೇಳು.” ಇಷ್ಟು ದೊಡ್ಡ ಮನಸ್ಸನ್ನು ನಾನು ಆ ರಾಜ್ಯದಲ್ಲಿ ಬೇರೆಲ್ಲೂ ಕಾಣಲಿಲ್ಲ. ಅದಕ್ಕೆ ಫಲಕವೂ ಇರಲಿಲ್ಲ.

ಇತ್ತ ರಾಜಸಭೆಗೆ ಗೂಢಚಾರರು ಸುದ್ದಿ ಮುಟ್ಟಿಸಿದ್ದರು. ಮಹಾಮಂತ್ರಿ ಸ್ತುತಿಪಾಲರು ಎದೆ ಬಡಿದುಕೊಂಡರು.

“ಮಹಾಪ್ರಭೂ, ಘೋರ ಅನಾಹುತ! ತಮ್ಮ ರಾಜ್ಯದಲ್ಲಿ ಒಬ್ಬನು ಹೆಸರಿಲ್ಲದೆ ದಾನ ಮಾಡಲು ಹೊರಟಿದ್ದಾನೆ.”

ಮಹಾರಾಜರ ಕೈಯಿಂದ ವೀಳ್ಯ ಜಾರಿತು. “ಹೆಸರಿಲ್ಲದೆಯೇ? ಹಾಗಾದರೆ ಅದರಲ್ಲಿ ಅವನಿಗೇನಿದೆ?”

“ಅದೇ ಹೊಳೆಯುತ್ತಿಲ್ಲ ಪ್ರಭೂ. ತನಿಖೆ ಪ್ರಗತಿಯಲ್ಲಿದೆ.”

ಕೂಡಲೇ ‘ಸಂತಾನದಾನ ಪಾರದರ್ಶಕತಾ ಯೋಜನೆ’ ಜಾರಿಗೆ ಬಂದಿತು. ಅದರಂತೆ ಗುಪ್ತದಾನ ರಾಜದ್ರೋಹ, ದಾನಿಗಳು ಅರಮನೆಯ ಪಟ್ಟಿಯವರೇ ಆಗಿರತಕ್ಕದ್ದು, ಹುಟ್ಟುವ ಪ್ರತಿ ಮಗುವೂ ಎದೆಯ ಮೇಲೆ ದಾನಿಯ ಹೆಸರಿನ ತಗಡಿನ ಫಲಕ ಧರಿಸತಕ್ಕದ್ದು. ಉದ್ಘಾಟನೆಯ ದಿನ ಆಸ್ಥಾನಿಕರೆಲ್ಲ ಶಾಲು ಹೊದ್ದು ಕೇಂದ್ರಕ್ಕೆ ಬಂದು ಪಟ್ಟಿಗೆ ಹೆಸರು ಬರೆಸಿ, ಫೋಟೊ ಹೊಡೆಸಿಕೊಂಡು, ಹೋಳಿಗೆ ಊಟ ಮುಗಿಸಿ ಹೊರಟರು. ವೈದ್ಯೆ ಬಾಗಿಲಿಗೆ ಅಡ್ಡ ನಿಂತು, “ಮಂತ್ರಿಗಳೇ, ದಾನ?” ಎಂದರು.

ಸ್ತುತಿಪಾಲರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ತಾಯೀ, ಹೆಸರು ಕೊಟ್ಟಾಯಿತಲ್ಲ. ಇನ್ನೇನು ಕೊಡಬೇಕು?”

ಮೂವತ್ತನೆಯ ದಿನ ಭರಮಪ್ಪ ಮಿಂದು, ಒಗೆದ ಅಂಗಿ ತೊಟ್ಟು ಬಂದ. ಬಾಗಿಲಲ್ಲಿ ಹೊಸದಾಗಿ ನೇಮಕವಾದ ಅಧಿಕಾರಿ ಕೂತಿದ್ದ.

“ಹೆಸರು?”

“ಹೆಸರು ಬ್ಯಾಡ ಸ್ವಾಮಿ. ಅದಕ್ಕೇ ಬಂದಿರೋದು.”

“ಹೆಸರು ಬೇಡ ಅನ್ನೋನು ಏನೋ ಮುಚ್ಚಿಡ್ತಾವ್ನೆ ಅಂತ ಸುತ್ತೋಲೇಲಿ ಬರೆದಿದೆ. ಪಟ್ಟೀಲಿಲ್ಲದೋರು ಕೊಡಂಗಿಲ್ಲ. ನಿನ್ನ ಕಸುಬೇನು?”

“ಹೆಸರು ಬರೆಯೋದು.”

“ಸರಿಯಾಗಿ ಬಂದೆ ನೋಡು. ಮೂರು ಸಾವಿರ ಫಲಕ, ಹದಿನೈದು ದಿನದಾಗೆ.”

ವೈದ್ಯೆ ಒಳಗಿನಿಂದ ಓಡಿಬಂದರು. “ಭರಮಪ್ಪನೋರೇ, ಯೋಚನೆ ಮಾಡಿ ಬಂದೋರು ನೀವೊಬ್ರೇ,” ಎಂದರು. ಅವರ ಕಣ್ಣು ತುಂಬಿತ್ತು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಭರಮಪ್ಪನನ್ನೇ ನೋಡುತ್ತಿದ್ದಳು. ಅವನು ತಲೆ ತಗ್ಗಿಸಿ ತಗಡಿನ ಕಟ್ಟು ಹೊತ್ತುಕೊಂಡ.

ಹದಿನೈದು ದಿನಕ್ಕೆ ಮೂರು ಸಾವಿರ ಫಲಕಗಳು ಸಿದ್ಧವಾದವು. ಪರಾಮರ್ಶೆ ಸಭೆಯಲ್ಲಿ ಮಹಾರಾಜರು ಹುಬ್ಬು ಗಂಟಿಕ್ಕಿದರು. “ಫಲಕ ಮೂರು ಸಾವಿರ, ಮಕ್ಕಳು ಸೊನ್ನೆ. ಏನಿದು?”

“ನಮ್ಮ ಕಡೆಯಿಂದ ಕೆಲಸ ಪೂರ್ಣಗೊಂಡಿದೆ ಪ್ರಭೂ. ಮಕ್ಕಳೇ ಸಹಕರಿಸುತ್ತಿಲ್ಲ.”

“ರಾಜ್ಯದಲ್ಲಿ ಮಕ್ಕಳೇ ಇಲ್ಲವೋ?”

“ಬೇಕಾದಷ್ಟು ಇದ್ದಾರೆ. ಬೀದಿಬೀದಿಯಲ್ಲಿ ಆಡುತ್ತಿದ್ದಾರೆ. ಆದರೆ ಅವರನ್ನು ಕೊಟ್ಟವರಾರೆಂದು ಒಬ್ಬರ ಮೇಲೂ ಬರೆದಿಲ್ಲ.” ಸ್ತುತಿಪಾಲರು ಕೈಮುಗಿದರು. “ಬರೆಯದೆ ಇರುವುದು ಖಾಲಿ ಇದೆ ಎಂದೇ ಅರ್ಥವಲ್ಲವೇ ಪ್ರಭೂ?”

ಸಭೆ ಜಯಕಾರ ಮಾಡಿತು. ರಾಜ್ಯದಲ್ಲಿ ಅದಾಗಲೇ ಹುಟ್ಟಿದ್ದ ಮಕ್ಕಳಿಗೆಲ್ಲ ಫಲಕ ತೊಡಿಸಬೇಕೆಂದು ಆಜ್ಞೆಯಾಯಿತು. ಮೂರೇ ದಿನದಲ್ಲಿ ಯೋಜನೆ ಗುರಿ ಮೀರಿತು. ಮಹಾರಾಜರಿಗೆ ‘ಸಕಲಪ್ರಜಾಪಿತ’ ಎಂಬ ಬಿರುದನ್ನಿತ್ತು, ಕಿರೀಟದ ಮೇಲೆ ಇನ್ನೊಂದು ಕಿರೀಟವಿಟ್ಟರು. ದಾನಿಗಳ ಕೊರತೆ ನೀಗಿದ್ದರಿಂದ ಸಂತಾನ ನೆರವು ಕೇಂದ್ರವನ್ನು ಮುಚ್ಚಲಾಯಿತು. ಬೆಂಚಿನ ಮೇಲಿನ ಜೋಡಿಗಳನ್ನೂ ಅರಮನೆ ಮರೆಯಲಿಲ್ಲ. ತೊಟ್ಟಿಲಿಗೆ ತೂಗುಹಾಕಲು ಮನೆಗೊಂದರಂತೆ ಫಲಕ ಕೊಟ್ಟು, ಮಗುವನ್ನು ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದು ಎಂದು ತಿಳಿಸಿತು.

ಕೊನೆಯ ಫಲಕ ಭರಮಪ್ಪನ ಮನೆಯದು. ಪೇಂಟರನ ಮಗಳೆಂಬ ಗೌರವದಿಂದ ಸಿರಿಗೆ ಮಹಾರಾಜರ ಹೆಸರೇ ಮಂಜೂರಾಗಿತ್ತು. ಹೊಸಿಲಲ್ಲಿ ಸೈನಿಕ ನಿಂತಿದ್ದ. ತಿಪ್ಪಕ್ಕ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಮುಖ ಮಾಡಿದ್ದಳು. ಭರಮಪ್ಪ ಬರೆದು ಮುಗಿಸಿ, ಬಣ್ಣ ಆರುವವರೆಗೂ ಊದಿ, ಮಗಳ ಕೊರಳಿಗೆ ಕಟ್ಟಿದ.

ಸಿರಿ ಎಂದಿನಂತೆ ಜೋರಾಗಿ ಓದಿದಳು. “ದಾನಿಗಳು, ಶ್ರೀಮನ್ಮಹಾರಾಜರು ಮತ್ತು ಕುಟುಂಬದವರು.” ಆಮೇಲೆ ಅಪ್ಪನ ಮುಖ ನೋಡಿದಳು. “ಅಪ್ಪಾ, ಹಂಗಾದ್ರೆ ನೀನು ಏನ್ ಕೊಟ್ಟೆ?”

“ಬಣ್ಣ ಕೊಟ್ಟೆ ಕಣವ್ವಾ,” ಎಂದ ಭರಮಪ್ಪ.

ಅದು ಸುಳ್ಳಲ್ಲ. ಬಣ್ಣದ ಖರ್ಚು ಹೆತ್ತವರದೇ ಎಂದು ಆಜ್ಞೆಯ ಕೊನೆಯ ಸಾಲಿನಲ್ಲಿ ಬರೆದಿತ್ತು.