ಹಣ್ಣು ಹುಳುವೂ ನೀಲಿ ವೈರೂ

ಲೋಕೇಶನಿಗೆ ಆ ವರ್ಷ ಉಳಿದಿದ್ದುದು ಒಂದೇ ಒಂದು ರಜೆ. ಏಳು ಸಮುದ್ರದಾಚೆಯ ಗಿಣಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಹಾಗೆ ಅವನು ಅದನ್ನು ಯಾರಿಗೂ ಮುಟ್ಟಗೊಡದೆ, ಮನೆಯ ರೇಷ್ಮೆ ಹುಳು ಹಣ್ಣಾಗುವ ದಿನಕ್ಕೆಂದು ಕಾಪಾಡಿಕೊಂಡು ಬಂದಿದ್ದ. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆಗೆ ಬಿಡಬೇಕು. ಇಲ್ಲವಾದರೆ ತಿಂದುಳಿದ ಸೊಪ್ಪಿನ ಮೇಲೆಯೇ ನೂಲು ಸುತ್ತಿಕೊಂಡು ತಿಂಗಳ ದುಡಿಮೆ ಮಣ್ಣುಪಾಲು.

ಮಂಗಳವಾರ ಬೆಳಿಗ್ಗೆಯೇ ಅವ್ವ ಶಿವಲಿಂಗಮ್ಮ ಹೇಳಿದ್ದಳು: "ನಾಳೀಕೆ ಹಣ್ಣಾಯ್ತವೆ ಕಣ್ಲಾ ಮಗ. ಆಳು ಸಿಕ್ಕಾಕಿಲ್ಲ, ನೀನೇ ಇರ್ಬೇಕು."

ಬಿಡದಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಲೋಕೇಶ ಅವತ್ತು ಸಂಜೆ ರಜೆಯ ಮೇಲ್ ಬರೆದು, ಕಳಿಸು ಎಂದು ಒತ್ತಿ, ತಿರುಗಿ ನೋಡದೆ ಮಾಗಡಿ ಬಸ್ಸು ಹತ್ತಿದ. ತಿರುಗಿ ನೋಡಬೇಕಿತ್ತು.

ಬುಧವಾರ ಎಂಟೂವರೆಗೆ ಮ್ಯಾನೇಜರ್ ರಮ್ಯಾ ಮೇಡಂ ಫೋನು.

"ಲೋಕೇಶ್, ಎಲ್ಲಿದೀರ? ಒಂದು ಮೇಲೂ ಹೋಗ್ತಿಲ್ಲ, ಒಂದೂ ಬರ್ತಿಲ್ಲ!"

"ಮೇಡಂ, ನಾನಿವತ್ತು ರಜೆ. ನೆನ್ನೆ ಸಂಜೆನೇ ಮೇಲ್ ಹಾಕಿದ್ನಲ್ಲ?"

"ಯಾವ ಮೇಲು? ನೆನ್ನೆ ಸಂಜೆಯಿಂದ ಏನೂ ಬಂದಿಲ್ಲ. ಬರದೇ ಇರೋ ರಜೆನ ನಾನು ಹೆಂಗ್ರೀ ಕೊಡ್ಲಿ?"

ಲೋಕೇಶನಿಗೆ ಅರ್ಥವಾಯಿತು: ರಜೆಯ ಮೇಲೂ ಅದೇ ಹೊಂಡಕ್ಕೆ ಬಿದ್ದಿದೆ! ಮನೆಯಿಂದಲೇ ಸರಿಮಾಡಿಬಿಡುತ್ತೇನೆ ಎಂದು ಲ್ಯಾಪ್‌ಟಾಪ್ ಹಿಡಿದು, ಸಿಗ್ನಲ್ ಸಿಗುವ ಒಂದೇ ಜಾಗವಾದ ನೀರಿನ ತೊಟ್ಟಿಯ ಕಟ್ಟೆ ಏರಿದ. ಹುಳು ಆರಿಸಲು ಬಂದಿದ್ದ ಪಕ್ಕದ ಮನೆಯ ಪುಟ್ಟಸ್ವಾಮಿ ಹುಳು ಬಿಟ್ಟು ಇವನ ಹಿಂದೆಯೇ ಏರಿದ.

"ಅಲ್ಲಿರೋ ಆಫೀಸು ಇಲ್ಲಿಂದ ಕಾಣ್ತದೇನ್ಲಾ?"

"ಕಾಣ್ತದೆ ಮಾವ, ಒಸಿ ಸುಮ್ಕಿರು."

"ನಮ್ ಟೀವಿ ನಿಂತ್ರೆ ನಾನು ತಲೆ ಮ್ಯಾಲೆ ಎಲ್ಡು ಬಾರಿಸ್ತೀನಿ. ಬಾರ್ಸು ನೀನೂವೆ."

ಹತ್ತು ಸಲ ತಟ್ಟಿದ ಮೇಲೆ ಲ್ಯಾಪ್‌ಟಾಪಿನ ಪರದೆಯಲ್ಲಿ ಆಫೀಸಿನ ನೆಟ್‌ವರ್ಕಿನ ಬಾಗಿಲು ಬಿರುಕಿನಷ್ಟು ತೆರೆಯಿತು. ಒಳಗೆ ಸಂದೇಶಗಳದು ಜಾತ್ರೆಯ ನೂಕುನುಗ್ಗಲು. ಈ ಜನವೆಲ್ಲ ಹೊರಗಿನಿಂದಲೇ ನುಗ್ಗಿರಬೇಕು ಎಂದುಕೊಂಡ ಲೋಕೇಶ, ಹೊರಗಿನಿಂದ ಒಳಗೆ ಬರುವ ದಾರಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿ, ಕೊನೆಯದನ್ನೂ ಮುಚ್ಚಿ, ನಿಟ್ಟುಸಿರು ಬಿಟ್ಟ. ಪರದೆ ಕಪ್ಪಾಯಿತು. ಹೊರಗಿದ್ದವರಲ್ಲಿ ತಾನೂ ಒಬ್ಬ ಎಂಬುದು ಆಗ ಹೊಳೆಯಿತು.

"ಏನಾಯ್ತಲಾ?"

"ಚಿಲಕ ಹಾಕ್ಬುಟ್ಟೆ ಮಾವ. ನಾನು ಈಚೆ ಇದ್ದೆ."

ಪುಟ್ಟಸ್ವಾಮಿ ಅಂಗಳದತ್ತ ತಿರುಗಿ ಕೂಗಿದ: "ಶಿವಲಿಂಗಕ್ಕಾ, ನಿನ್ ಮಗ ಕಂಪ್ನಿ ಬಾಗ್ಲು ಹಾಕ್ಬುಟ್ನಂತೆ!" ಮಧ್ಯಾಹ್ನದ ಹೊತ್ತಿಗೆ ಊರ ತುಂಬ, ಲೋಕೇಶ ಕಾರ್ಖಾನೆಯನ್ನೇ ಮುಚ್ಚಿಸಿದ ಎಂದಾಗಿತ್ತು.

ಮತ್ತೆ ರಮ್ಯಾ ಮೇಡಂ ಫೋನು. "ಈಗ ಮುಂಚಿಗಿಂತ ಚೆನ್ನಾಗಿ ಹಾಳಾಗಿದೆ. ಬಂದುಬಿಡಿ. ಹಾಜರಿ ಹಾಕಿಸ್ತೀನಿ, ನಿಮ್ಮ ರಜೆ ನಿಮಗೇ ಉಳೀತದೆ."

ಅವ್ವನಿಗೆ ಮುಖ ತೋರಿಸಲಾರದೆ ಲೋಕೇಶ ಬಸ್ಸು ಹಿಡಿದ. ಬಸ್ಸು ಕೋಳಿಯ ಹಾಗೆ ಪ್ರತಿ ಕೈಮರದಲ್ಲೂ ನಿಂತು ಕೆರೆದು ಕೆರೆದು ಸಾಗಿತು. ಎರಡೂವರೆಗೆ ಬಿಡದಿ ತಲುಪಿ, ಊಟವಿಲ್ಲದೆ ಮೇಜಿನ ಕೆಳಗೆ ತೂರಿ, ವೈರುಗಳನ್ನು ಒಂದೊಂದಾಗಿ ತಡವತೊಡಗಿದ. ನೆಲ ಒರೆಸುವ ಅಂಕಮ್ಮ ಬಗ್ಗಿ ನೋಡಿದಳು.

"ಆ ನೀಲಿ ವೈರಾ ಸ್ವಾಮಿ? ನೆನ್ನೆ ಸಂಜೆ ಒರೆಸುವಾಗ ಒಂದು ತುದಿ ನೆಲದಾಗೆ ಬಿದ್ದಿತ್ತು. ನೀರು ತಾಕ್ತದೆ ಪಾಪ ಅಂತ ಖಾಲಿ ತೂತು ನೋಡಿ ಸಿಗ್ಸಿದೆ. ಚಂದಾಗಿ ಕೂತ್ಕತ್ತು."

ಲೋಕೇಶ ವೈರು ಹಿಡಿದು ಸವರಿಕೊಂಡು ಹೋದ. ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಪೆಟ್ಟಿಗೆಯಿಂದ ಹೊರಟು ಅದಕ್ಕೇ ಬಂದು ಸೇರಿತ್ತು. ಎರಡು ತಲೆಯೂ ಒಂದೇ ಪೆಟ್ಟಿಗೆಯಲ್ಲಿ! ಕಾರ್ಖಾನೆಯ ಮಾತೆಲ್ಲ ನೆನ್ನೆಯಿಂದ ಗಾಣದೆತ್ತಿನಂತೆ ಅದರೊಳಗೇ ಸುತ್ತು ಹೊಡೆಯುತ್ತಿತ್ತು. ಒಂದು ತುದಿ ಕಿತ್ತ. ಪೆಟ್ಟಿಗೆಯ ಮೇಲೆ ಹುಚ್ಚೆದ್ದು ಮಿಣುಕುತ್ತಿದ್ದ ದೀಪಗಳು ತೊಟ್ಟಿಲ ಮಕ್ಕಳಂತೆ ತಣ್ಣಗಾದವು. ಬೆಳಿಗ್ಗೆ ತಾನೇ ಹಾಕಿದ್ದ ಚಿಲಕವನ್ನೂ ತೆಗೆದ.

"ಬಂತು, ಬಂತು!" ಎಂದು ಆಚೆಯಿಂದ ಚಪ್ಪಾಳೆ. ಲೋಕೇಶ ಅಲ್ಲೇ ನೆಲದ ಮೇಲೆ ಕಣ್ಣು ಮುಚ್ಚಿ ಕೂತ. ರಜೆ ಉಳಿಯಿತಲ್ಲ, ಸಾಕು. ಅಂಕಮ್ಮ ಚಾ ತಂದುಕೊಟ್ಟಳು. ಅವಳ ಹಿಂದೆಯೇ ರಮ್ಯಾ ಮೇಡಂ ನಗುತ್ತ ಬಂದರು.

"ಶಹಬ್ಬಾಸ್ ಲೋಕೇಶ್! ಕಟ್ಟಿಕೊಂಡಿದ್ದ ನಲವತ್ತು ಮೇಲೂ ಒಟ್ಟಿಗೆ ಬಂತು. ಕೂತ ಕಡೆಯೇ ಎಲ್ಲದಕ್ಕೂ ಆಯ್ತು, ಆಯ್ತು ಅಂತ ಒತ್ಕೊಂಡ್ ಹೋದೆ. ನಿಮ್ಮ ರಜೆನೂ ಅದರಲ್ಲೇ ಇತ್ತು, ಮಂಜೂರಾಯ್ತು."

"ಮೇಡಂ! ನಾನು ಇಲ್ಲೇ ಇದೀನಲ್ಲ!"

ರಮ್ಯಾ ಮೇಡಂ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಹೌದಲ್ವಾ? ಅದು ಹೆಡ್ ಆಫೀಸಿಗೆ ಹೋಗಾಯ್ತು ಕಣ್ರೀ, ವಾಪಸ್ ಬರಲ್ಲ. ಬೆಳಿಗ್ಗೆ ಥರ ಹಾಳಾಗೇ ಇದ್ದಿದ್ರೆ ಅದೂ ಎಲ್ಲೋ ಸಿಕ್ಕಿಕೊಂಡಿರ್ತಿತ್ತು. ನೀವೇ ಅಷ್ಟು ಚೆನ್ನಾಗಿ ಸರಿ ಮಾಡಿಬಿಟ್ರಲ್ಲ. ಹೋಗಲಿ, ರಜೆ ಅಲ್ವಾ? ಹೊರಡಿ, ಮನೇಲಿ ಹಾಯಾಗಿರಿ."

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಪುಟ್ಟಸ್ವಾಮಿ ಜಗಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ. ಲೋಕೇಶ ಬೈಗುಳಕ್ಕೆ ತಲೆ ಒಡ್ಡಿಕೊಂಡೇ ಹುಳುಮನೆಗೆ ಕಾಲಿಟ್ಟ. ಒಂದನ್ನು ಬಿಟ್ಟರೆ ಚಂದ್ರಿಕೆಗಳೆಲ್ಲ ಗೋಡೆಗೆ ಒರಗಿದಂತೆಯೇ ಇದ್ದವು, ಖಾಲಿ. ಅವ್ವ ಬೈಯಲಿಲ್ಲ. ಸೊಪ್ಪು ಹರಡುತ್ತ ತಣ್ಣಗೆ ಹೇಳಿದಳು:

"ಒಳ್ಳೇದೇ ಆಯ್ತು ಕಣ್ಲಾ ನೀನು ಹೋಗಿದ್ದು. ಇವತ್ತು ಅಲ್ಲೊಂದು ಇಲ್ಲೊಂದು ಹಣ್ಣಾಗಿದ್ವು, ಅಷ್ಟೆ. ಒಟ್ಗೆ ಆಗೋದು ನಾಳೀಕೆ. ಆ ನಿನ್ನ ರಜ ಐತಲ್ಲ, ಅದನ್ನ ನಾಳೀಕೆ ಹಾಕ್ಬುಡು."

ಲೋಕೇಶ ಹುಳುವಿನ ತಟ್ಟೆಯತ್ತ ನೋಡಿದ. ಹುಳುಗಳು ಯಾವ ಅವಸರವೂ ಇಲ್ಲದೆ, ಮಳೆ ಹನಿದಂತೆ ಸರಸರನೆ ಸೊಪ್ಪು ತಿನ್ನುತ್ತಿದ್ದವು.