ಮುಖವೂ ನನ್ನದು, ಮಾತೂ ನನ್ನದು

ದಿನಕ್ಕೆ ನಲವತ್ತು ಬಾಗಿಲು ತಟ್ಟುವವರು ನಗುವ ಪ್ರಸಂಗವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಲವತ್ತರಲ್ಲಿ ಒಂದು ಬಾಗಿಲ ಹಿಂದೆ ಅದೇ ನಮ್ಮನ್ನು ಕಾಯುತ್ತಾ ಕೂತಿರುತ್ತದೆ. ನಾನು ಹದಿನೆಂಟು ವರ್ಷದಿಂದ ಬ್ರಹ್ಮಾವರದಿಂದ ಬೈಂದೂರಿನ ತನಕ ಬಸ್ಸಿನಲ್ಲಿ ತಿರುಗಿ ಕುಕ್ಕರಿನ ಗ್ಯಾಸ್ಕೆಟ್, ಮಿಕ್ಸಿ ಜಾರಿನ ರಬ್ಬರು, ಗ್ಯಾಸ್ ಲೈಟರು ಮಾರುವವಳು. ಮನೆಯಾದರೂ ಸೈ, ಅಂಗಡಿಯಾದರೂ ಸೈ. ನಾಯಿ ಅಟ್ಟಿಸಿಕೊಂಡು ಬಂದದ್ದು, ಕಿಟಕಿಯಿಂದ ನೀರು ಬಿದ್ದದ್ದು ಎಲ್ಲ ಈಗ ಲೆಕ್ಕಕ್ಕಿಲ್ಲ. ಆದರೆ ಒಂದು ಬಾಗಿಲು ತಟ್ಟಿದ್ದು ನನ್ನನ್ನು ನಾಟಕಕ್ಕೆ, ಅಲ್ಲಿಂದ ಸಿನಿಮಾಕ್ಕೆ ಎಳೆದುಕೊಂಡು ಹೋಯಿತು. ಆ ಎರಡು ವರ್ಷದಲ್ಲಿ ಆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಒಳಗಿನಿಂದ ಬಂದ ಉತ್ತರ

ಬ್ರಹ್ಮಾವರದ ಹತ್ತಿರ ಒಂದು ಮನೆ. ಗೇಟು ತೆಗೆದ ಸದ್ದಿಗೇ ಒಳಗಿನಿಂದ ಗಂಡಸಿನ ದನಿ ಬಂತು. "ಎಂತದೂ ಬ್ಯಾಡ!"

ನಾನಿನ್ನೂ ಬ್ಯಾಗು ಇಳಿಸಿರಲಿಲ್ಲ. "ಎಂತ ಅಂದೇಳಿ ಕಾಣಿನಿ ಮಾರಾಯ್ರೆ, ಆಮೇಲೆ ಬ್ಯಾಡ ಅನ್ನಿ" ಅಂದೆ.

"ಕಾಂಬುದೂ ಬ್ಯಾಡ. ನಾನ್ ಬರೀತಾ ಇದ್ದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಸುಯ್ಯ್ ಅಂತ ಸದ್ದು. ಅದು ಸೀಟಿಯಲ್ಲ, ಮುಚ್ಚಳದ ಅಂಚಿನಿಂದ ಆವಿ ಸೋರುವ ಸದ್ದು. ಹದಿನೆಂಟು ವರ್ಷ ಕೇಳಿದ ಕಿವಿ ತಪ್ಪುವುದಿಲ್ಲ. "ನೀವ್ ಬ್ಯಾಡ ಅಂತ್ರಿ, ನಿಮ್ಮ ಕುಕ್ಕರ್ ಬೇಕ್ ಅಂತಿತ್ತ್" ಅಂದೆ.

ಬಾಗಿಲು ತೆರೆಯಿತು. ಕನ್ನಡಕ ಹಣೆಗೇರಿಸಿಕೊಂಡ ನಿವೃತ್ತ ಮೇಷ್ಟ್ರು. ನನ್ನನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದರು. ಎರಡು ಗ್ಯಾಸ್ಕೆಟ್ ತೆಗೆದುಕೊಂಡರು. ಆಮೇಲೆ ಪೆನ್ನು ತೆಗೆದು, "ಈಗ ಎಂತ ಅಂದ್ರಿ, ಮತ್ತೊಂದ್ಸಲ ಹೇಳಿ" ಅಂದರು.

ನಾನು ಹೆದರಿದೆ. ಎದುರಿಗೇ ಬರೆದುಕೊಂಡು ಕಂಪ್ಲೇಂಟ್ ಕೊಡುವ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ವೇಷ

ಮೇಷ್ಟ್ರು ಬರೆಯುತ್ತಿದ್ದದ್ದು ನಾಟಕ. ಬಿಸ್ಕತ್ತಿನವನು, ಕೊಡೆಯವನು, ಗ್ಯಾಸ್ಕೆಟಿನವನು, ಹೀಗೆ ಮೂರು ಜನ ಸೇಲ್ಸ್‌ಮನ್‌ಗಳು ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಮಾಲೀಕನಿಗಾಗಿ ಬೆಳಿಗ್ಗೆಯಿಂದ ಸಂಜೆವರೆಗೆ ಕಾಯುತ್ತಾರೆ. ಬರೀ ಮಾತು. ಮೇಷ್ಟ್ರು ನನ್ನನ್ನೂ ಕರೆಸಿಕೊಂಡರು. ನನ್ನ ಕೆಲಸ, ರಿಹರ್ಸಲಿನಲ್ಲಿ ಕೂತು ಮಾತು ತಿದ್ದುವುದು. ಬಿಸ್ಕತ್ತಿನ ಪಾತ್ರದವನು "ದಯಮಾಡಿ ತಾವು ಖರೀದಿಸಬೇಕು" ಅಂದಾಗ ನಾನೇ ನಿಲ್ಲಿಸಿ, "ಹೀಂಗ್ ಹೇಳ್ರೆ ನಾಯಿ ಬಿಡ್ತ್ರ್" ಅಂತ ಹೇಳಿಕೊಟ್ಟೆ.

ನಾಟಕಕ್ಕೆ ಹತ್ತು ದಿನ ಇರುವಾಗ ಗ್ಯಾಸ್ಕೆಟ್ ಪಾತ್ರ ಮಾಡುವವನಿಗೆ ದೂರದ ಊರಿಗೆ ವರ್ಗವಾಯಿತು. ಅವನ ಮಾತೆಲ್ಲ ನನಗೆ ಬಾಯಿಪಾಠ. "ನೀವೇ ಮಾಡಿ" ಅಂದರು ಮೇಷ್ಟ್ರು.

ನಾಟಕ ಸಮಿತಿಯ ಹಿರಿಯರೊಬ್ಬರು ಎದ್ದುನಿಂತರು. "ಸೇಲ್ಸ್‌ಮನ್ ಪಾತ್ರ ಹೆಂಗ್ಸ್ ಮಾಡುದಾ? ಜನ ನಂಬುದ್ ಹ್ಯಾಂಗೆ?"

ನನಗೆ ಸಿಟ್ಟು ನೆತ್ತಿಗೇರಿತು. "ಯಕ್ಷಗಾನದಗೆ ಗಂಡ್ಸ್ ಸೀರಿ ಉಟ್ಕಂಡ್ ಬಂದ್ರೆ ರಾತ್ರಿ ಬೆಳಗಿನ್ ತನ್ಕ ನಂಬ್ತ್ರಿ. ನಾನ್ ನನ್ನ ವೇಷವೇ ಹಾಕ್ತೆ ಅಂದ್ರೆ ನಂಬುಕೆ ಕಷ್ಟವಾ?"

ಹಿರಿಯರು ಕೂತರು. ನಾಟಕ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಪಾತ್ರ ಒಳ್ಳೇದಾಯ್ತ್. ಆದ್ರೆ ಒಂದ್ ಮಾತ್" ಅಂದರು. ನಾನು ಜಗಳಕ್ಕೆ ಸಿದ್ಧಳಾದೆ. ಅವರು ದನಿ ತಗ್ಗಿಸಿ, "ಐದ್ ಲೀಟ್ರಿನ್ ಕುಕ್ಕರಿಗೆ ಇತ್ತಾ?" ಅಂತ ಕೇಳಿದರು.

ನಾಲ್ಕನೆಯವ

ನಾಟಕ ನೋಡಿದವರಲ್ಲಿ ಬೈಂದೂರಿನ ಕಡೆಯ, ಮುಂಬೈಯಲ್ಲಿ ಹೋಟೆಲಿರುವ ಯಜಮಾನರೊಬ್ಬರಿದ್ದರು. ಇದನ್ನು ಸಿನಿಮಾ ಮಾಡುವ ಅಂತ ಅವರಿಗೆ ಹೊಳೆಯಿತು. ಬೆಂಗಳೂರಿನಿಂದ ಒಬ್ಬ ಡೈರೆಕ್ಟರನ್ನು ಕರೆಸಿದರು.

ಡೈರೆಕ್ಟರು ಸ್ಕ್ರಿಪ್ಟು ಓದಿ ತಲೆ ಕೊಡವಿದರು. "ಸರ್, ಮೂರು ಜನ ಜಗಲಿ ಮೇಲೆ ಕೂತು ಎರಡು ಗಂಟೆ ಮಾತಾಡಿದ್ರೆ ಯಾರು ಸರ್ ನೋಡ್ತಾರೆ? ಒಂದು ಫೈಟ್ ಆದ್ರೂ ಇರಲಿ."

ಯಜಮಾನರು ಶಾಂತವಾಗಿ ಹೇಳಿದರು. "ನಮ್ಮೂರಗೆ ಮೂರ್ ಜನ ಜಗಲಿ ಮೇಲ್ ಕೂಕಂಡ್ ಮಾತಾಡ್ತಿದ್ರೆ, ನಾಲ್ಕನೆಯವ ಬಸ್ ಬಂದ್ರೂ ಏಳುದಿಲ್ಲ."

ಫೈಟ್ ಬರಲಿಲ್ಲ, ಮಾತು ಉಳಿಯಿತು. ಡೈರೆಕ್ಟರ ಮುಂದಿನ ಬಾಣ ನನ್ನ ಕಡೆಗೆ. "ಈ ಪಾತ್ರಕ್ಕೆ ಒಬ್ಬ ಹೀರೋಯಿನ್ ಹಾಕೋಣ. ಮೇಡಂ ಬೇಜಾರು ಮಾಡ್ಕೋಬೇಡಿ, ಕ್ಯಾಮೆರಾಕ್ಕೆ ಒಂದು ಮುಖ ಬೇಕಾಗುತ್ತೆ."

"ನಂಗೂ ಒಂದ್ ಮುಖ ಇತ್ತಲೆ ಸರ್" ಅಂದೆ. "ಬಾಗಿಲು ತೆಗ್ದವ್ರೆಲ್ಲ ಇದನ್ನೇ ಕಂಡದ್ದ್."

ಮೇಷ್ಟ್ರು ಸ್ಕ್ರಿಪ್ಟಿನ ಕಟ್ಟನ್ನು ಮೇಜಿನಿಂದ ಎತ್ತಿ ಕಂಕುಳಲ್ಲಿಟ್ಟುಕೊಂಡರು. "ಅವ್ರಿಲ್ದೆ ನಾಟ್ಕ ಇಲ್ಲೆ" ಅಂದು ಬಾಗಿಲವರೆಗೆ ಹೋಗಿಬಿಟ್ಟರು. ಯಜಮಾನರೇ ಓಡಿಹೋಗಿ ವಾಪಸು ಕರೆತಂದರು. ಹೀಗೆ ನನ್ನ ಪಾತ್ರ ನನಗೇ ಸಿಕ್ಕಿತು. ಆದರೂ ಡೈರೆಕ್ಟರು ಬಿಡಲಿಲ್ಲ. "ಸ್ವಲ್ಪ ನಗೋದಕ್ಕಾದ್ರೂ ಕಲೀರಿ ಮೇಡಂ" ಅಂದರು. "ಗಿರಾಕಿ ತಕಂಡ ಮೇಲೆ ನಗ್ತೆ. ಮೊದ್ಲೇ ನಗಾಡ್ರೆ ಅವ್ರಿಗೆ ಸಂಶಯ ಬತ್ತ್" ಅಂದೆ.

ನಿಷ್ಠೆ

ಶೂಟಿಂಗಿಗೆ ನನಗೆ ಹತ್ತು ದಿನ ರಜೆ ಬೇಕಿತ್ತು. ನಮ್ಮ ಏರಿಯಾ ಮ್ಯಾನೇಜರು ಮಂಗಳೂರಿನಲ್ಲಿ ಕೂತು ಫೋನಿನಲ್ಲೇ ಆಳುವವರು. "ಸಿನಿಮಾವಾ, ಕೆಲಸವಾ, ಒಂದು ಆರಿಸಿಕೊಳ್ಳಿ" ಅಂದರು.

"ಎರಡೂ" ಅಂದೆ. ಹದಿನೆಂಟು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೇ ಮೊದಲು. ಕೆಲಸ ಹೋದರೆ ಮಗಳ ಕಾಲೇಜಿಗೆ ಏನು ಮಾಡುವುದು ಅಂತ ಎರಡು ದಿನ ಊಟ ಸೇರಲಿಲ್ಲ. ಆದರೂ ಮೂರನೆಯ ದಿನ ಅಮಾಸೆಬೈಲಿನ ಬಸ್ಸು ಹತ್ತಿದೆ.

ಅಲ್ಲಿ ಒಂದು ಅಂಗಡಿಯನ್ನು ಶೂಟಿಂಗಿಗೆಂದೇ ಮುಚ್ಚಿಸಿದ್ದರು. ಆರನೆಯ ದಿನ ಮ್ಯಾನೇಜರ ಫೋನು ಬಂತು. ಸುಳ್ಳು ಹೇಳುವುದಿಲ್ಲ ಅಂತ ಮೊದಲೇ ನಿಶ್ಚಯಿಸಿಕೊಂಡಿದ್ದೆ.

"ಎಲ್ಲಿದ್ದೀರಿ?"

"ಅಮಾಸೆಬೈಲಿನಲ್ಲಿ, ಒಂದು ಅಂಗಡಿಯ ಎದುರಿಗೆ ಸರ್."

"ಆರ್ಡರ್ ಕೊಟ್ಟರಾ?"

"ಬಾಗಿಲು ಹಾಕಿದೆ. ಕಾಯ್ತಾ ಇದ್ದೇನೆ."

"ಎಷ್ಟು ಹೊತ್ತಿನಿಂದ?"

"ಆರು ದಿನದಿಂದ."

ಅವರು ಫೋನಿಟ್ಟುಬಿಟ್ಟರು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಮಾರನೆಯ ದಿನ ಉಡುಪಿಯ ಕಡೆ ಮಾರುವ ನಮ್ಮ ಕಂಪೆನಿಯ ಹುಡುಗಿ ಫೋನು ಮಾಡಿ ಬೈದಳು. "ಅಕ್ಕಾ, ನೀವು ಎಂತ ಮಾಡಿದ್ದು? 'ಆ ಯಮ್ಮನನ್ನು ನೋಡಿ ಕಲಿಯಿರಿ, ಒಂದು ಆರ್ಡರಿಗೆ ಆರು ದಿನ ಕಾಯ್ತಾರೆ' ಅಂತ ಮೀಟಿಂಗಿನಲ್ಲಿ ನಮಗೆಲ್ಲ ಪಾಠ!"

ಕಟ್

ಅದೇ ಜಗಲಿ. ಕ್ಯಾಮೆರಾ ಓಡುತ್ತಿದೆ. ನಾವು ಮೂವರೂ ಮಾತಿನಲ್ಲಿ ಮುಳುಗಿದ್ದೇವೆ. ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಸೀದಾ ಬಂದು ಹೊರೆ ಇಳಿಸಿ, ನನ್ನ ಮತ್ತು ಬಿಸ್ಕತ್ತಿನವನ ನಡುವೆ ಕೂತುಬಿಟ್ಟರು.

"ಅಂಗ್ಡಿ ಎಂತಕ್ ತೆಗೀಲಿಲ್ಲೆ?"

ಬಿಸ್ಕತ್ತಿನ ಪಾತ್ರ ಮಾಡುವವನು ನಿಜದಲ್ಲಿ ಸೊಸೈಟಿಯ ಗುಮಾಸ್ತ. ಬರೆದು ಕೊಡದ ಮಾತು ಅವನ ಬಾಯಿಂದ ಹೊರಡುವುದಿಲ್ಲ. ಡೈರೆಕ್ಟರು ಕಣ್ಣಿನಲ್ಲೇ 'ಮುಂದುವರಿಸಿ' ಅಂದರು.

"ನಾವೂ ಅದ್ಕೇ ಕಾಯ್ತಾ ಇದ್ದೋ ಅಜ್ಜಿ" ಅಂದೆ.

"ನೀವೆಲ್ಲ ಎಂತ ಮಾರುದ್?"

"ಇವ್ರ್ ಬಿಸ್ಕೀಟ್, ಅವ್ರ್ ಕೊಡೆ, ನಾನ್ ಗ್ಯಾಸ್ಕೆಟ್."

ಅಜ್ಜಿ ಬಿಸ್ಕತ್ತಿನವನ ಪೆಟ್ಟಿಗೆಗೆ ಕೈ ಹಾಕಿ ಒಂದು ಪ್ಯಾಕೆಟ್ ಒಡೆದರು. ತಾವೊಂದು ತಿಂದು ನಮಗೂ ಒಂದೊಂದು ಕೊಟ್ಟು, "ಮೆತ್ತಗಾಯ್ತ್, ಇದ್ನ ಯಾರ್ ತಕಂತ್ರ್?" ಅಂದರು. ಮೂರು ರಾತ್ರಿ ಇಬ್ಬನಿಗೆ ಬಿಟ್ಟ ಪೆಟ್ಟಿಗೆ ಅದು. ಗುಮಾಸ್ತನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಡೈರೆಕ್ಟರು "ಕಟ್! ಕಟ್!" ಅಂತ ಕೂಗಿದರು.

ಅಜ್ಜಿ ಅವರ ಕಡೆ ತಿರುಗಿ, ಸೊಂಟದಲ್ಲಿ ಸಿಕ್ಕಿಸಿದ್ದ ಹುಲ್ಲು ಕೊಯ್ಯುವ ಕತ್ತಿ ತೆಗೆದು ನೀಡಿದರು. "ಬೊಬ್ಬೆ ಹೊಡೀಬೇಡ ಮಗಾ. ತಕೋ, ಎಂತ ಕಟ್ ಮಾಡುಕಿತ್ತ್, ಮಾಡ್."

ಬೇರೆಯವಳ ಗಂಟಲು

ಶೂಟಿಂಗಿನಲ್ಲಿ ನಾವು ಮಾತಾಡಿದ್ದೆಲ್ಲ ಕುಂದಾಪ್ರ ಕನ್ನಡ. ಡಬ್ಬಿಂಗಿನ ಹೊತ್ತಿಗೆ ಡೈರೆಕ್ಟರು ರಾಗ ತೆಗೆದರು. "ರಾಜ್ಯದವರಿಗೆಲ್ಲ ಅರ್ಥ ಆಗ್ಬೇಕಲ್ವಾ ಮೇಡಂ?"

"ಸರ್, ನೀವ್ ಇಲ್ಲಿ ಎರಡ್ ತಿಂಗ್ಳ್ ಇದ್ರಿ. ನನ್ನ ಮಾತ್ ನಿಮ್ಗೆ ಅರ್ಥ ಆತಿಲ್ಯಾ?"

"ನಂಗೆ ಆಗುತ್ತೆ."

"ಹಾಂಗಾರೆ ಬೇರೆಯವ್ರೆಲ್ಲ ನಿಮಗಿಂತ ದಡ್ಡರಾ?"

ಆದರೆ ಗೆದ್ದದ್ದು ಅವರೇ. ಯಜಮಾನರು ಮುಂಬೈಯಲ್ಲಿದ್ದರು, ಮೇಷ್ಟ್ರು ಕಣ್ಣಿನ ಆಪರೇಷನ್ ಆಗಿ ಮಲಗಿದ್ದರು. ಬೆಂಗಳೂರಿನ ಯಾರೋ ಹುಡುಗಿ ನನ್ನ ಬಾಯಿಗೆ ಗ್ರಂಥದ ಕನ್ನಡ ತುಂಬಿದಳು. ನಾನು "ಹ್ವಾಯ್" ಅಂತ ಬಾಯಿ ಅಗಲಿಸಿದ ಕಡೆಯಲ್ಲೆಲ್ಲ ಅವಳು "ಕೇಳುವಂಥವರಾಗಿ" ಅಂದಿದ್ದಳು. ಬಾಯಿ ಮುಚ್ಚಿದ ಮೇಲೂ ಎರಡು ಅಕ್ಷರ ಹೊರಗೆ ಉಳಿಯುತ್ತಿತ್ತು.

ಬಾಯಿ ಮತ್ತು ಮಾತು

ಮೊದಲ ಪ್ರದರ್ಶನ ಕುಂದಾಪುರದ ಒಂದು ಸಭಾಭವನದಲ್ಲಿ, ಭಾನುವಾರ ಬೆಳಿಗ್ಗೆ. ಮಧ್ಯಾಹ್ನ ಇನ್ನೊಂದು ಆಟ. ನನ್ನ ಮೂರು ತಾಲ್ಲೂಕಿನ ಗಿರಾಕಿಗಳೆಲ್ಲ ಬಂದಿದ್ದರು. ನಾನು ಮಗಳ ಜೊತೆ ಎರಡನೆಯ ಸಾಲಿನಲ್ಲಿ ಕೂತಿದ್ದೆ. ಪರದೆಯ ಮೇಲೆ ನನ್ನ ಮುಖ ಬಂದಾಗ ಚಪ್ಪಾಳೆ. ಮಾತು ಶುರುವಾದ ಕೂಡಲೇ ಸಭೆ ತಣ್ಣಗಾಯಿತು. ಹಿಂದಿನ ಸಾಲಿನಿಂದ ಒಬ್ಬರು, "ಇವ್ರಿಗೆ ಎಂತ ಆಯ್ತ್, ಹುಷಾರಿಲ್ಯಾ?" ಅಂತ ಕೇಳಿದ್ದು ನನಗೇ ಕೇಳಿಸಿತು. ಮಗಳು ನನ್ನ ಕೈ ಹಿಡಿದುಕೊಂಡಳು.

ಮಧ್ಯಂತರದ ನಂತರ, ನನ್ನ ದೊಡ್ಡ ಮಾತು ಬರುವ ಹೊತ್ತಿಗೆ ಸ್ಪೀಕರು ಒಮ್ಮೆ ಗೊರಗುಟ್ಟಿ ಸತ್ತುಹೋಯಿತು. ಚಿತ್ರ ಓಡುತ್ತಿದೆ, ಶಬ್ದವಿಲ್ಲ. ಬರೀ ಮಾತಿನ ಸಿನಿಮಾದಲ್ಲಿ ಶಬ್ದ ಹೋದರೆ ಉಳಿಯುವುದು ಮೂರು ಜನ ಬಾಯಿ ಆಡಿಸುವುದು ಮಾತ್ರ. ಸೀಟಿ ಶುರುವಾಯಿತು. ಡೈರೆಕ್ಟರು ಮುಂದೆ ಬಂದು, "ದಯವಿಟ್ಟು ಸಹಕರಿಸಿ, ಶೋ ಕ್ಯಾನ್ಸಲ್..." ಅನ್ನುತ್ತಿದ್ದರು.

ನಾನು ಎದ್ದುನಿಂತೆ. ಯಾಕೆ ಎದ್ದೆನೋ ಗೊತ್ತಿಲ್ಲ. ಪರದೆಯಲ್ಲಿ ನನ್ನ ತುಟಿ ಅಲ್ಲಾಡುತ್ತಿತ್ತು. ಅದರ ಮಾತು ನನ್ನ ಹತ್ತಿರವೇ ಇತ್ತು.

"ಹ್ವಾಯ್! ಬ್ಯಾಡ ಅಂಬುಕೆ ನಿಮ್ಗೆ ಹಕ್ಕಿತ್ತ್. ಅಡ್ಡಿಲ್ಲೆ. ನಾನೂ ನಿಮ್ಮಂಗೆ ಬಾಗಿಲು ಇಪ್ಪ ಮನಿಯವ್ಳೇ. ಆದ್ರೆ ಬ್ಯಾಡ ಅಂಬುದನ್ನ ನನ್ನ ಮುಖ ಕಂಡ್ ಹೇಳಿ. ಬಾಗಿಲಿನ್ ಸಂದಿಯಗೆ ಹೇಳ್ಬೇಡಿ!"

ತುಟಿಗೂ ಮಾತಿಗೂ ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಸಭೆಯಲ್ಲಿ ಬಿದ್ದ ಚಪ್ಪಾಳೆಗೆ ನನ್ನ ಮುಂದಿನ ಮಾತು ನನಗೇ ಕೇಳಿಸಲಿಲ್ಲ. ಗುಮಾಸ್ತನೂ ಕೊಡೆಯವನೂ ಅವರವರ ಕುರ್ಚಿಯಿಂದ ಎದ್ದರು. ಮೂವರೂ ಸೇರಿ ಇಪ್ಪತ್ತು ನಿಮಿಷ ಸಿನಿಮಾ ಓಡಿಸಿದೆವು. ಮೇಷ್ಟ್ರು ಕಪ್ಪು ಕನ್ನಡಕದ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಯಾರೋ ಪುಣ್ಯಾತ್ಮ ವೈರು ಸರಿಮಾಡಿದ. "ಕೇಳುವಂಥವರಾಗಿ" ಅಂತ ಬೆಂಗಳೂರಿನ ಹುಡುಗಿ ಮತ್ತೆ ಶುರುಮಾಡಿದಳು. ಇಡೀ ಸಭಾಭವನ ಒಂದೇ ದನಿಯಲ್ಲಿ ಬೊಬ್ಬೆ ಹೊಡೆಯಿತು. "ಅದನ್ ಬಂದ್ ಮಾಡಿ ಮಾರಾಯ್ರೆ! ಅಕ್ಕ ಮಾತಾಡ್ಲಿ!"

ಬಂದ್ ಮಾಡಿದರು. ನಾವೇ ಕೊನೆಯವರೆಗೆ ಹೇಳಿದೆವು. ಆಟ ಮುಗಿದ ಮೇಲೆ, ಪ್ರದರ್ಶನಕ್ಕೆಂದು ಮುಂಬೈಯಿಂದ ಬಂದಿದ್ದ ಯಜಮಾನರು ಎಲ್ಲರೆದುರು, ಇಡೀ ಸಿನಿಮಾವನ್ನು ನಮ್ಮ ದನಿಯಲ್ಲೇ ಮತ್ತೆ ಡಬ್ ಮಾಡಿಸಬೇಕು ಅಂದರು. ಡೈರೆಕ್ಟರು ತಲೆಯಾಡಿಸಿದರು. ಆದರೆ ಮಧ್ಯಾಹ್ನದ ಆಟಕ್ಕೆ ಉಳಿದದ್ದು ಒಂದೂವರೆ ಗಂಟೆ. "ಇದೊಂದು ಶೋಗೆ ಹಳೇ ಸೌಂಡೇ ಹಾಕಿಬಿಡೋಣ ಸರ್, ಯಾರಿಗೆ ಗೊತ್ತಾಗುತ್ತೆ?" ಅಂತ ಡೈರೆಕ್ಟರು ಹೇಳುತ್ತಾ ಟಿಕೆಟ್ ಕೌಂಟರಿನ ಹತ್ತಿರ ಬಂದರು. ನಾವೆಲ್ಲ ಅವರ ಹಿಂದೆ ಇದ್ದೆವು.

ಸಾಲಿನ ಮುಂದೆ, ಬೆಳಗಿನ ಆಟದ ಸುದ್ದಿ ಕೇಳಿದ್ದ ಹಂಗಾರಕಟ್ಟೆಯ ಕಡೆಯ ಗಂಡ ಹೆಂಡತಿ ನಿಂತಿದ್ದರು. ಹೆಂಡತಿ ಕಿಟಕಿಯೊಳಗೆ ಬಗ್ಗಿ, ಟಿಕೆಟ್ ಕೊಡುವವನ ಮುಖ ಕಂಡೇ ಕೇಳಿದಳು:

"ಅಕ್ಕ ಇದ್ರೆ ಎರಡ್ ಟಿಕೆಟ್ ಕೊಡಿ. ಬರೀ ಸಿನಿಮಾ ಆರೆ ಬ್ಯಾಡ."